ನಮ್ಮ ಬರ್ತೀನಿ, ಅಕ್ಕನ ಬರ್ತೀನಿ

"ನಿಮ್ಮಮ್ಮ ಸುಳ್ಳು! ದಿನಾ ಸುಳ್ಳು!"

ಹಿಂದಿನ ಮನೆ ಅಕ್ಕ ನಮ್ಮ ಅಂಗಳದಲ್ಲಿ ನಿಂತು ಕೂಗ್ತಿದ್ರು. ಕೈಲಿ ಟೀ ಕೆಟಲ್. ನಾನು ಆಳುಗಳನ್ನ ಎಸ್ಟೇಟಿಗೆ ಬಿಟ್ಟು ಆಗಷ್ಟೇ ಬಂದಿದ್ದೆ, ಜೀಪಿನ ಇಂಜಿನ್ನೂ ಆಫ್ ಮಾಡಿರ್ಲಿಲ್ಲ. ಅವ್ವ ಜಗಲಿ ಮೇಲೆ ಕೂತು ಕೆಸಿನ ಎಲೆ ನಾರು ತೆಗೀತಿದ್ಲು. ಎಲೆ ಕೈಲೇ ಹಿಡ್ಕಂಡು ಬಾಯಿ ಬಿಟ್ಕಂಡು ನೋಡ್ತಿದ್ಲು. ಅಕ್ಕನ ಗಂಡ, ಅವರನ್ನ ನಾನು ಅಣ್ಣ ಅನ್ನೋದು, ಹಿಂದಿಂದ ಓಡಿ ಬಂದು ಅವರ ಮೊಣಕೈ ಹಿಡ್ದು ಎಳೆದ್ರು. ಅಕ್ಕ ಕೊಡವಿ ಬಿಟ್ರು.

"ನೋಡು ಇದು," ಅಂತ ಕೆಟಲ್ ಮುಚ್ಚಳ ತೆಗ್ದು ನಂಗೆ ತೋರ್ಸಿದ್ರು. ಒಳಗೆ ಟೀ ತಣ್ಣಗಾಗಿತ್ತು. "ನಿಮ್ಮಮ್ಮನಿಗೆ ಮಾಡಿದ್ದು. ಬರ್ತೀನಿ ಅಂತಾರೆ, ಬರಲ್ಲ. ಬರ್ತೀನಿ ಅಂತಾರೆ, ಬರಲ್ಲ."

ಅಷ್ಟೂ ಟೀನ ನಮ್ಮ ದಾಸವಾಳದ ಬುಡಕ್ಕೆ ಸುರಿದು ಹೋಗ್ಬಿಟ್ರು. ಅಣ್ಣ ಕೈ ಮುಗಿದು "ಸಾರಿ ಅಮ್ಮ, ಸಾರಿ" ಅಂತ ಅವರ ಹಿಂದೆ ಹೋದ್ರು.

"ನಾನೇನು ಮಾಡ್ದೆನೋ ಅವ್ಳಿಗೆ?" ಅಂದ್ಲು ಅವ್ವ.

ನಂಗೂ ಗೊತ್ತಿರ್ಲಿಲ್ಲ.

ಇವರಿಬ್ರು ಯಾರು ಅಂತ ಹೇಳ್ಬಿಡ್ತೀನಿ. ಗಂಡ ಹೆಂಡ್ತಿ. ಊರು ಮಿಜೋರಾಂ. ಅದೆಲ್ಲಿದೆ ಅಂತ ನಾನು ಅಸ್ಸಾಂ ಆಳುಗಳನ್ನ ಕೇಳ್ದೆ, ನಮ್ಮೂರಿಗಿಂತಾನೂ ಆಚೆ ಅಂದ್ರು. ಈಗ ನಮ್ಮ ಕಡೆ ಕಾಫಿ ಕುಯ್ಯೋಕೆ ಅಸ್ಸಾಂನಿಂದ ಜನ ಬಂದು ಮಳೆಗಾಲಕ್ಕೂ ಇಲ್ಲೇ ಉಳೀತಾರಲ್ಲ, ಅದರಲ್ಲಿ ಸುಮಾರು ಜನ ಕ್ರಿಶ್ಚಿಯನ್ನರು. ಅವರಿಗೆ ಭಾನುವಾರ ಪ್ರಾರ್ಥನೆ ಮಾಡ್ಸೋಕೆ, ಮಕ್ಕಳಿಗೆ ನಾಲ್ಕಕ್ಷರ ಹೇಳ್ಕೊಡೋಕೆ ಅಂತ ಇವರ ಚರ್ಚಿನೋರು ಇವರನ್ನ ಕಳ್ಸಿದ್ರು. ನಾನು ಮೂಡಿಗೆರೆಯಿಂದ ಕಳಸದ ದಾರಿಲಿರೋ ಎಸ್ಟೇಟುಗಳಿಗೆ ಆಳುಗಳನ್ನ ಸಾಗ್ಸೋ ಜೀಪ್ ಡ್ರೈವರ್. ಅಸ್ಸಾಂನೋರ ಜೊತೆ ಮಾತಾಡಿ ಮಾತಾಡಿ ಹರಕು ಹಿಂದಿ ಬರ್ತದೆ. ಹಂಗಾಗಿ ಇವರಿಬ್ರು ನನ್ನ ಕೈಗೆ ಸಿಕ್ರು. ಮನೆ ಬೇಕು ಅಂದ್ರು. ನಮ್ಮ ಹಿಂದಿನ ಎರಡು ರೂಮು ಖಾಲಿ ಇತ್ತು. ಅಪ್ಪ ಹೋದ್ಮೇಲೆ ಮನೇಲಿ ನಾನು ಅವ್ವ ಇಬ್ರೇ.

ಅವ್ವ ಎರಡೇ ಮಾತು ಹೇಳಿದ್ಲು. ದನ ಗಿನ ಬೇಯಿಸ್ಬಾರ್ದು. ಸೋಮವಾರ ಮೀನಿನ ವಾಸ್ನೆ ಬರ್ಬಾರ್ದು. ನಾನು ಹಿಂದಿಲಿ ಹೇಳ್ದೆ. ಇಬ್ರೂ ತಲೆ ಆಡ್ಸಿದ್ರು.

ಮೇಲ್ಮನೆ ಚಿಕ್ಕಮ್ಮ ಮಾರನೇ ದಿನಾನೇ ಬೇಲಿ ಹತ್ರ ಬಂದು, "ಏನೇ, ಪಾದ್ರಿನ ಮನೆಯೊಳಗೇ ತಂದಿಟ್ಕಂಡ್ಯಂತೆ? ಇನ್ನು ನಿನ್ನ ಮಗನಿಗೆ ಬೇರೆ ಹೆಸರು ಇಡ್ತಾರೆ ನೋಡು" ಅಂದ್ಲು.

"ಇಟ್ಟಿರೋ ಹೆಸರಿಗೇ ಇವ್ನು ಓ ಅನ್ನಲ್ಲ, ಇನ್ನೊಂದಕ್ಕೆ ಅಂತಾನಾ" ಅಂದ್ಲು ಅವ್ವ.

ಒಂದ್ಸಲ ಅಣ್ಣ ನನ್ನ ಪ್ರಾರ್ಥನೆಗೆ ಬರ್ತೀಯಾ ಅಂತ ಕೇಳಿದ್ರು. ಬೇಡ ಅಂದೆ. ಬಿಟ್ರು. ಆಮೇಲೆ ಕೇಳಿಲ್ಲ. ಅಷ್ಟೇ ವಿಷ್ಯ.

ಅಣ್ಣ ಬೇಗ ಹೊಂದ್ಕಂಡ್ರು. ಗಂಡಸಿಗೆ ಹೊರಗೆ ಓಡಾಟ ಇರ್ತದಲ್ಲ. ಯಾರು ಸಿಕ್ರೂ ಮಾತಾಡೋರು. ಊಟ ಆಯ್ತಾ ಅಂತ ಅಂಗಡಿಯವ್ನು ಸುಮ್ನೆ ಕೇಳಿದ್ರೆ ಅಣ್ಣ ನಿಂತು, "ಆಯ್ತು. ಅನ್ನ, ಸೊಪ್ಪು, ಒಂದು ಮೊಟ್ಟೆ. ಮೊಟ್ಟೆ ಸ್ವಲ್ಪ ಹಳೇದು" ಅಂತ ಪೂರ್ತಿ ಹೇಳೋರು. ಮೊಟ್ಟೆ ಕೊಟ್ಟಿದ್ದು ಅದೇ ಅಂಗಡಿಯವ್ನು.

ಒಂದಿನ ಜೀಪಲ್ಲಿ ಹೋಗ್ತಾ, "ಎಲ್ರೂ ಮಾರಾಯ ಮಾರಾಯ ಅಂತಾರಲ್ಲ, ಹಂಗಂದ್ರೇನು?" ಅಂತ ಕೇಳಿದ್ರು.

"ಹತ್ರದೋರಿಗೆ ಅನ್ನೋದು ಅಣ್ಣ. ಸಲಿಗೆ ಇರೋರಿಗೆ."

ಆ ಭಾನುವಾರ ಎಸ್ಟೇಟಿನ ಶೆಡ್ಡಲ್ಲಿ ಪ್ರಾರ್ಥನೆ. ನಾನೂ ಎಸ್ಟೇಟಿನ ಲೆಕ್ಕ ಬರೆಯೋ ರೈಟರೂ ಹೊರಗೆ ನಿಂತಿದ್ವಿ. ನಮಗೂ ಅರ್ಥ ಆಗ್ಲಿ ಅಂತ ಅಣ್ಣ ಕೊನೇಲಿ ಕಣ್ಣು ಮುಚ್ಚಿ ಕನ್ನಡದಲ್ಲಿ ಶುರು ಮಾಡಿದ್ರು. "ಮಾರಾಯಾ, ಈ ಜನಕ್ಕೆ ಒಳ್ಳೇದು ಮಾಡು ಮಾರಾಯ. ಮಳೆ ಸಾಕು ಮಾರಾಯ." ರೈಟರು ಬಾಯಿಗೆ ಟವೆಲ್ ತುರುಕ್ಕೊಂಡು ಕಾಫಿ ಗಿಡದ ಮರೆಗೆ ಓಡಿದ್ರು.

ವಾಪಸ್ ಬರುವಾಗ ನಾನು ಹೇಳ್ದೆ, "ದೇವ್ರಿಗೆ ಹಂಗನ್ನಲ್ಲ ಅಣ್ಣ."

"ನಂಗೆ ಸಲಿಗೆ ಇದೆ" ಅಂದ್ರು.

ನಾನು ಗೇರ್ ಬದಲಾಯಿಸ್ದೆ.

ಅಕ್ಕನ ಕತೆ ಬೇರೆ. ಅವರು ಬಂದಿದ್ದು ಸರಿಯಾಗಿ ಮಳೆ ಹಿಡಿದ ಹೊತ್ತಿಗೆ. ಬಟ್ಟೆ ಒಣಗಲ್ಲ. ಒಲೆ ಮೇಲೆ ಹರವಿದ್ರೆ ಹೊಗೆ ವಾಸ್ನೆ. ಬಚ್ಚಲಿಗೆ ಹೋಗಿ ಬರೋದ್ರೊಳಗೆ ಕಾಲ್ಬೆರಳ ಸಂದೀಲಿ ಇಂಬಳ ಹತ್ತಿ ರಕ್ತ ಕುಡೀತಿರ್ತವೆ. ಮಳೆಗೂ ಇಂಬಳಕ್ಕೂ ಅವರು ಹೆದರೋರಲ್ಲ, ಅವರ ಊರೂ ಗುಡ್ಡವೇ. ಮಾತಾಡೋಕೆ ಜನ ಇಲ್ಲ, ಅದೇ ಕಷ್ಟ ಆಗಿದ್ದು. ಅವರ ಕಡೆ ಮನೆ ಬಾಗ್ಲು ಹಾಕಲ್ವಂತೆ. ಅಕ್ಕಪಕ್ಕದೋರು ಸೀದಾ ಒಳಗೆ ಬಂದು ಒಲೆ ಮುಂದೆ ಕೂರ್ತಾರಂತೆ. ಯಾರಾದ್ರೂ ಬರ್ತೀನಿ ಅಂದ್ರೆ ಟೀಗೆ ನೀರಿಟ್ಟು ಕಾಯ್ತಾರಂತೆ.

ಅಲ್ಲೇ ಆಗಿದ್ದು ಎಡವಟ್ಟು.

ಟೀ ಚೆಲ್ಲಿದ ದಿನ ಸಂಜೆ ನಾನು ಅವರ ಮನೆಗೆ ಹೋದೆ. ಅಕ್ಕ ಒಲೆ ಮುಂದೆ ಕೂತಿದ್ರು, ಮುಖ ತಿರುಗಿಸ್ಲಿಲ್ಲ. ತಟ್ಟೇಲಿ ರಸ್ಕ್ ಇತ್ತು, ಮಳೆಗಾಲದ ತೇವಕ್ಕೆ ಮೆತ್ತಗಾಗಿತ್ತು.

ಅಣ್ಣ ಹೇಳಿದ್ರು. "ನಿಮ್ಮಮ್ಮ ದಿನಾ ಬೇಲಿ ಹತ್ರ ನಿಂತು ಇವಳನ್ನ ಮಾತಾಡಿಸ್ತಾರೆ. ಕೊನೆಗೆ 'ಬರ್ತೀನಿ ಕಣವ್ವ' ಅಂತಾರೆ. ಇವಳು ಒಳಗೆ ಓಡಿ ಬಂದು ನೀರಿಡ್ತಾಳೆ, ರಸ್ಕ್ ತೆಗೀತಾಳೆ. ಅಮ್ಮ ಬರಲ್ಲ. ಹಾಲಿನ ಹೆಂಗಸೂ ಬರ್ತೀನಿ ಅಂತಾಳೆ, ಬರಲ್ಲ. ನೀನೂ ಅಂತೀಯ."

ನಂಗೆ ನಗು ತಡ್ಕಳಕ್ಕಾಗ್ಲಿಲ್ಲ. ಅಕ್ಕ ತಿರುಗಿ ನೋಡಿದ್ರು. ನಗು ನಿಂತೋಯ್ತು.

"ಅಕ್ಕ, ಬರ್ತೀನಿ ಅಂದ್ರೆ ಹೋಗ್ತೀನಿ ಅಂತ."

"ಹೋಗ್ತೀನಿಗೆ ಹೋಗ್ತೀನಿ ಇದೆಯಲ್ಲ? ನೀನೇ ಹೇಳ್ಕೊಟ್ಟಿದ್ದು."

"ಇದೆ. ಆದ್ರೆ ಹೋಗುವಾಗ ಅದನ್ನ ಹೇಳಲ್ಲ."

"ಹೋಗುವಾಗ ಹೋಗ್ತೀನಿ ಹೇಳಲ್ಲ. ಬರದೇ ಇರುವಾಗ ಬರ್ತೀನಿ ಹೇಳ್ತೀರಿ."

ನನ್ನ ಹಿಂದಿ ಅಲ್ಲಿಗೆ ಮುಗೀತು. ಅವ್ವನ್ನ ಕೂಗ್ದೆ. ಅವ್ವ ಬಂದು ಹೊಸ್ತಿಲ ಹೊರಗೇ ನಿಂತ್ಲು. ಅವಳು ಹೇಳಿದ್ದನ್ನ ನಾನು ಅಕ್ಕನಿಗೆ ಹೇಳ್ತಾ ಹೋದೆ.

"ಹೋಗ್ತೀನಿ ಅಂತ ಅನ್ಬಾರ್ದು ಕಣವ್ವ. ತಿರುಗಿ ಬರದೇ ಇರೋರು ಹಂಗನ್ನೋದು. ಸಾಯೋರು ಅನ್ನೋದು. ನಾವು ಬರ್ತೀನಿ ಅಂದ್ರೆ, ಈಗ ಹೋಗಿ ಇನ್ನೊಂದಿನ ಬರ್ತೀನಿ ಅಂತ. ಒಳ್ಳೇದಾಗ್ಲಿ ಅಂತ ಅನ್ನೋದು. ನಮ್ಮ ಬರ್ತೀನಿ ಬೇರೆ, ನಿನ್ನ ಬರ್ತೀನಿ ಬೇರೆ."

ಅಕ್ಕ ಎಲ್ಲಾ ಕೇಳಿದ್ರು. ತಲೆ ಆಡ್ಸಿದ್ರು. ಆಮೇಲೆ ಕೇಳಿದ್ರು, "ಸರಿ. ಇನ್ನೊಂದಿನ ಅಂದ್ರೆ ಯಾವ ದಿನ?"

ಅವ್ವ ಹೊಸ್ತಿಲ ಮೇಲೆ ಬಿದ್ದಿದ್ದ ಎಲೆ ಎತ್ತಿ ಆಚೆ ಹಾಕಿದ್ಲು.

"ಇವತ್ತು ಬನ್ನಿ," ಅಂದ್ರು ಅಕ್ಕ. "ನೀರು ಕಾದಿದೆ."

ಅವ್ವ ಸೆರಗು ಸರಿ ಮಾಡ್ಕಂಡ್ಲು. ಒಲೆ ಮೇಲಿನ ಪಾತ್ರೆ ನೋಡಿದ್ಲು. ನನ್ನ ನೋಡಿದ್ಲು. "ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ ಕಣವ್ವ. ಬರ್ತೀನಿ" ಅಂತ ಹೇಳಿ ಹೊರಟೇಬಿಟ್ಲು.

ಅಕ್ಕ ನನ್ನ ಕಡೆ ತಿರುಗಿದ್ರು. "ಇದು ಯಾವುದು?"

ನಾನು ಚಪ್ಪಲಿ ಹುಡುಕ್ದೆ.

ಗೇಟ್ ತನಕ ಬಂದ ಅಣ್ಣ ಮೆಲ್ಲಗೆ ಹೇಳಿದ್ರು, "ಮಳೆ ಮುಗಿದ್ಮೇಲೆ ವಾಪಸ್ ಹೋಗೋಣ ಅಂತಿದಾಳೆ. ನಾನು ಚರ್ಚಿನೋರಿಗೆ ಫೋನ್ ಮಾಡಿ ಹೇಳಿದೀನಿ, ಬೇರೆಯವರನ್ನ ನೋಡಿ ಅಂತ." ಅವರ ಮುಖ ನೋಡೋಕಾಗ್ಲಿಲ್ಲ. ಅವರಿಗೆ ಇಲ್ಲಿ ಇರ್ಬೇಕು. ಅಕ್ಕನ ಬಿಟ್ಟು ಇರೋಕಾಗತ್ತಾ?

ಮನೆಗೆ ಬಂದು ಅವ್ವನ್ನ ಕೇಳ್ದೆ. "ಒಂದು ಲೋಟ ಟೀ ಕುಡಿದಿದ್ರೆ ಏನಾಗ್ತಿತ್ತು?"

"ಆ ಪಾತ್ರೇಲಿ ಏನೇನು ಬೇಯಿಸಿರ್ತಾರೋ."

"ಮನೆ ಕೊಟ್ಟಿದ್ದು ನೀನೇ ಅಲ್ವಾ?"

"ಮನೆ ಕೊಡೋದು ಬೇರೆ. ಬಾಯಿಗಿಡೋದು ಬೇರೆ. ಸುಮ್ನಿರು."

ಅಲ್ಲಿಗೆ ನಂಗೆ ತಿಳೀತು. ಅಕ್ಕನಿಗೆ ಕನ್ನಡ ತಪ್ಪಿತ್ತು. ಲೆಕ್ಕ ತಪ್ಪಿರ್ಲಿಲ್ಲ. ಯಾರೂ ಅವರ ಮನೆಗೆ ಹೋಗ್ತಿರ್ಲಿಲ್ಲ, ಅದು ನಿಜ.

ಅದಾಗಿ ಸ್ವಲ್ಪ ದಿನಕ್ಕೆ ಅವ್ವ ಬಿದ್ಲು. ಬಚ್ಚಲ ಹತ್ರ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಸೌದೆ ಹಿಡ್ಕಂಡು ಇಳಿಯುವಾಗ ಜಾರಿ ಬಲಗೈ ಊರಿದ್ಲು. ಮಣಿಕಟ್ಟು ಮುರೀತು. ನಾನು ಜೀಪಿಗೆ ಹತ್ತಿಸ್ದೆ. ಅಣ್ಣ ಕೇಳದೇ ಬಂದು ಹಿಂದೆ ಕೂತು ಅವ್ವನ ಕೈನ ಮೂಡಿಗೆರೆ ಆಸ್ಪತ್ರೆ ತನಕ ದಿಂಬಿನ ಮೇಲಿಟ್ಕಂಡು ಬಂದ್ರು. ನಮ್ಮ ರಸ್ತೆ ಗೊತ್ತಲ್ಲ, ಗುಂಡಿ ಬಂದಾಗೆಲ್ಲ ಅವ್ವ ಕಿರುಚ್ತಿದ್ಲು.

ಆಸ್ಪತ್ರೆ ಬೆಂಚಲ್ಲಿ ಡಾಕ್ಟ್ರಿಗೆ ಕಾಯುವಾಗ ಅಣ್ಣ ಕಣ್ಣು ಮುಚ್ಚಿದ್ರು. "ಮಾರಾಯಾ, ಈ ಅಮ್ಮನ ಕೈ ನೋಡ್ಕೋ ಮಾರಾಯ."

ಅಷ್ಟು ನೋವಲ್ಲೂ ಅವ್ವ ಕಣ್ಣು ಬಿಟ್ಲು. "ಯಾರನ್ನೋ ಕರೀತಿದಾರೆ ಇವರು?"

"ಅವರ ದೇವ್ರನ್ನ."

"ಹಂಗೆ ಕರೆದ್ರೆ ಬರ್ತಾನಾ?"

ಅಣ್ಣನಿಗೆ ಅರ್ಥ ಆಯ್ತು. "ಅವನು ನಿಮ್ಮ ತರ ಅಲ್ಲ ಅಮ್ಮ. ಬರ್ತೀನಿ ಅಂದ್ರೆ ಬರ್ತಾನೆ."

ಅವ್ವ ನಕ್ಕುಬಿಟ್ಲು. ನಕ್ಕಿದ್ದಕ್ಕೆ ಕೈ ನೋವಾಗಿ ಅತ್ಲು. ಮತ್ತೆ ನಕ್ಲು. ನರ್ಸ್ ಬಂದು ಏನಾಗಿದೆ ಇವರಿಗೆ ಅಂದ್ರು.

ಮೊಣಕೈ ತನಕ ಪ್ಲಾಸ್ಟರ್ ಕಟ್ಟು ಹಾಕಿ ಕಳ್ಸಿದ್ರು. ಕಷ್ಟ ಶುರುವಾಗಿದ್ದು ಮನೆಗೆ ಬಂದ್ಮೇಲೆ. ನಾನು ಅಡ್ಗೆ ಮಾಡ್ತೀನಿ, ನೀರು ಕಾಯಿಸ್ತೀನಿ. ಆದ್ರೆ ನಾನು ಮಗ. ಅವ್ವನಿಗೆ ಸ್ನಾನ ಮಾಡ್ಸೋಕಾಗತ್ತಾ? ಸೀರೆ ಉಡ್ಸೋಕಾಗತ್ತಾ? ಅವಳಿಗೆ ನಾಚಿಕೆ, ನಂಗೂ ನಾಚಿಕೆ. ಹೆಣ್ಮಕ್ಕಳಿಲ್ಲ ಮನೇಲಿ. ಮೇಲ್ಮನೆ ಚಿಕ್ಕಮ್ಮ ಬೇಲಿ ಹತ್ರ ಬಂದು ಅಯ್ಯೋ ಪಾಪ ಅಂದ್ಲು. ನಾಳೆ ಬರ್ತೀನಿ ಅಂದ್ಲು. ಅದು ಯಾವ ಬರ್ತೀನಿ ಅಂತ ನಿಮಗೆ ಗೊತ್ತಾಯ್ತಲ್ಲ.

ಮಾರನೇ ದಿನ ಬೆಳಿಗ್ಗೆ ಅಕ್ಕ ಬಂದ್ರು. ಬರ್ತೀನಿ ಅಂತ ಹೇಳಿರ್ಲಿಲ್ಲ. ಸೀದಾ ಒಳಗೆ ಬಂದು ನನ್ನ ಕೈಲಿದ್ದ ಬಿಸಿನೀರಿನ ಬಕೆಟ್ ಕಿತ್ಕಂಡು, "ನೀನು ಹೊರಗೆ" ಅಂದ್ರು. ನಾನು ಜೀಪಿನ ಹತ್ರ ಹೋಗಿ ನಿಂತೆ. ಒಳಗಿಂದ ಅವ್ವ "ಬೇಡ ಕಣವ್ವ, ಬೇಡ ಕಣವ್ವ" ಅಂತಿದ್ದಿದ್ದು ಕೇಳಿಸ್ತು. ಆಮೇಲೆ ನೀರು ಹೊಯ್ಯೋ ಸದ್ದು. ಆಮೇಲೆ ಇಬ್ರೂ ನಗೋ ಸದ್ದು.

ಒಳಗೆ ಹೋಗಿ ನೋಡ್ತೀನಿ, ಅವ್ವನ ಅವತಾರ. ಅಕ್ಕನಿಗೆ ಸೀರೆ ಉಡ್ಸೋಕೆ ಬರಲ್ಲ. ಅವರು ಉಡೋದು ಸೊಂಟಕ್ಕೆ ಸುತ್ತೋ ಒಂದು ಬಟ್ಟೆ. ಹಂಗೇ ಸೀರೆನೂ ಸುತ್ತಿ ಸುತ್ತಿ, ಉಳಿದಿದ್ದನ್ನ ಹೆಗಲ ಮೇಲೆ ಎಸೆದಿದ್ರು.

"ಪಾರ್ಚ್‌ಮೆಂಟ್ ಕಾಫಿ ಮೂಟೆ ಕಟ್ಟಿದಂಗೆ ಕಟ್ಟಿದ್ಯಲ್ಲೇ ನನ್ನ," ಅಂದ್ಲು ಅವ್ವ. "ಕ್ಯೂರಿಂಗ್ ಮಿಲ್ಲಿಗೆ ಕಳಿಸ್ತೀಯಾ?"

ಅಕ್ಕನಿಗೆ ಮಾತು ಅರ್ಥ ಆಗ್ಲಿಲ್ಲ. ಆದ್ರೂ ನಕ್ರು. ಆಮೇಲೆ ಅವ್ವನ್ನ ಕೂರಿಸಿ ತಲೆ ಬಾಚಿದ್ರು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿದ್ರು. ಅವ್ವನ ತಲೆ ಬೇರೆಯವರು ಬಾಚಿದ್ದನ್ನ ನಾನು ಅದೇ ಮೊದಲು ನೋಡಿದ್ದು. ಕಣ್ಣು ಮುಚ್ಕಂಡು ಕೂತಿದ್ಲು.

ಊಟದ್ದೊಂದು ಬಾಕಿ ಇತ್ತು. ಎಡಗೈಲಿ ಅನ್ನ ತಿನ್ನಲ್ಲ ಅವ್ವ. ಚಮಚ ಕೊಟ್ರೆ, ನಾನೇನು ಸಾಹೇಬ್ರಾ ಅಂತಾಳೆ. ನಾನು ತುತ್ತು ಕೊಟ್ರೆ ಎರಡು ತಿಂದು ಸಾಕು ಅಂತಾಳೆ. ಮಗನ ಕೈಲಿ ತಿನ್ನೋಕೆ ಅವಳಿಗೆ ಸಂಕಟ. ಅವತ್ತು ಮಧ್ಯಾಹ್ನ ಅಕ್ಕ ಅವರ ಮನೆಯಿಂದ ಒಂದು ಬಟ್ಟಲು ತಂದ್ರು. ಮೆತ್ತಗೆ ಬೇಯಿಸಿದ ಅನ್ನ, ಅದಕ್ಕೆ ಕಳಲೆ ಹಾಕಿದ್ರು. ನಮ್ಮ ಕಡೆ ಬಿದಿರಿನ ಎಳೆ ಮೊಳಕೆಗೆ ಕಳಲೆ ಅಂತೀವಿ, ಅವರ ಊರಲ್ಲೂ ಅದನ್ನ ತಿಂತಾರಂತೆ. ಅಕ್ಕ ಕೆಳಗೆ ಕೂತು ಕೈಲಿ ಕಲಸಿ ತುತ್ತು ಎತ್ತಿ ಅವ್ವನ ಬಾಯಿ ಹತ್ರ ಹಿಡಿದ್ರು.

ನಾನು ಬಾಗ್ಲಲ್ಲಿ ನಿಂತಿದ್ದೆ. ಯಾವ ಪಾತ್ರೆ ಅಂತ ಕೇಳ್ತಾಳೆ ಅಂದ್ಕಂಡೆ. ಅವ್ವ ಬೇಡ ಅಂದ್ರೆ ಮುಗೀತು, ಅಕ್ಕ ಮಳೆ ನಿಲ್ಲೋ ತನಕಾನೂ ಇರಲ್ಲ.

ಅವ್ವ ಬಾಯಿ ತೆರೆದ್ಲು. ಅಗಿದು ನುಂಗಿದ್ಲು.

"ಉಪ್ಪು ಕಮ್ಮಿ" ಅಂದ್ಲು.

ಅಕ್ಕ ಎದ್ದು ಹೋಗಿ ಉಪ್ಪು ತಂದ್ರು.

ಕಟ್ಟು ಬಿಚ್ಚೋ ತನಕ ಅಕ್ಕ ದಿನಾ ಬಂದ್ರು. ಒಂದಿನಾನೂ ತಪ್ಪಿಸ್ಲಿಲ್ಲ. ಸೀರೆ ಉಡ್ಸೋದೂ ಕಲಿತ್ರು, ನೆರಿಗೆ ಮಾತ್ರ ಕೊನೆ ತನಕ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಮೇಲ್ಮನೆ ಚಿಕ್ಕಮ್ಮ ಮತ್ತೆ ಬಂದ್ಲು. "ಏನೇ, ಅವರ ಮನೆ ಅನ್ನ ತಿಂತಿದ್ಯಂತೆ. ಕೈ ಮುರ್ಕಂಡು ಜಾತಿನೂ ಮುರ್ಕಂಡ್ಯಾ?"

"ನೀನು ನಾಳೆ ಬರ್ತೀನಿ ಅಂದ್ಯಲ್ಲ, ಆ ನಾಳೆ ಬಂತಾ?" ಅಂದ್ಲು ಅವ್ವ. ಚಿಕ್ಕಮ್ಮ ಕೊಡೆ ಬಿಡಿಸ್ಕಂಡು ಹೋದ್ಲು.

ಕಟ್ಟು ಬಿಚ್ಚಿಸಿ ಬಂದ ದಿನ ಅವ್ವ ಮನೆಗೂ ಬರದೆ ಜೀಪಿಂದ ಇಳಿದು ಸೀದಾ ಹಿಂದಿನ ಮನೆಗೆ ಹೋದ್ಲು. ಒಲೆ ಮುಂದೆ ಮಣೆ ಎಳ್ಕಂಡು ಕೂತ್ಲು. ಹಾಲಿಲ್ಲದ ಕೆಂಪು ಟೀ, ಮೆತ್ತಗಿನ ರಸ್ಕ್. ಎರಡು ಲೋಟ ಕುಡಿದ್ಲು. ಎದ್ದು "ಬರ್ತೀನಿ ಕಣವ್ವ" ಅಂತ ಹೇಳಿ ಗೇಟ್ ತನಕ ಹೋಗಿ, ತಿರುಗಿ ಬಂದು, "ಬಂದೆ ನೋಡು" ಅಂತ ಮತ್ತೆ ಕೂತ್ಲು. ಅಕ್ಕ ಬಿದ್ದು ಬಿದ್ದು ನಕ್ರು. ಆಮೇಲೆ ಇದು ದಿನದ ಆಟ ಆಯ್ತು. ನಂಗೆ ಸಾಕಾಗಿ ಹೋಗಿತ್ತು, ಸಂಜೆ ಕಾಫಿ ಕೊಡೋರು ಇರ್ತಿರ್ಲಿಲ್ಲ.

ಮಳೆ ಹೋಯ್ತು. ಅಕ್ಕ ಹೋಗೋ ಮಾತು ಎತ್ಲಿಲ್ಲ. ಕಾಫಿ ಹಣ್ಣು ಕುಯ್ಲು ಶುರುವಾದಾಗ ಅವ್ವನ ಜೊತೆ ತೋಟಕ್ಕೂ ಬಂದು ನೋಡಿದ್ರು. ಆಗ ಚರ್ಚಿನೋರ ಫೋನ್ ಬಂತು. ಮಳೇಲಿ ನೀವು ಕೇಳಿದ್ರಲ್ಲ, ಬೇರೆಯವರು ಸಿಕ್ಕಿದಾರೆ, ಈ ಕುಯ್ಲು ಮುಗಿಸಿ ವಾಪಸ್ ಬನ್ನಿ ಅಂತ.

ಅಕ್ಕ ಅತ್ರು. ಅಣ್ಣ ಫೋನಲ್ಲಿ ತುಂಬಾ ಮಾತಾಡಿದ್ರು. ಹಿರಿಯರು ಸುಮ್ನೆ ಒಪ್ಪಲ್ಲ, ಊರಿಗೆ ಹೋಗಿ ಎದುರಿಗೆ ಕೂತು ಕೇಳ್ಬೇಕು ಅಂದ್ರು. ಕೇಳಿದ್ರೆ ಬಿಡ್ತಾರಾ? ಗೊತ್ತಿಲ್ಲ ಅಂದ್ರು.

ಹೊರಟ ದಿನ ನಾನು ಬ್ಯಾಗೆಲ್ಲ ಜೀಪಿಗೆ ಹಾಕ್ದೆ. ಅವ್ವ ಕಾಫಿಪುಡಿ, ಮೆಣಸು, ಒಣಗಿಸಿದ ಕಳಲೆ ಕಟ್ಟಿ ಕೊಟ್ಲು. ಅಕ್ಕ ಅವ್ವನ ಬಲಗೈ ಹಿಡ್ಕಂಡು ನಿಂತಿದ್ರು. ಬಿಡ್ತಾನೇ ಇರ್ಲಿಲ್ಲ. ಬಸ್ಸಿಗೆ ಹೊತ್ತಾಗ್ತಿತ್ತು, ನಾನು ಹಾರ್ನ್ ಹೊಡ್ದೆ.

"ಬರ್ತೀನಿ ಅಮ್ಮ" ಅಂದ್ರು ಅಕ್ಕ.

ಅವ್ವ ಕೈ ಬಿಡ್ಲಿಲ್ಲ. "ಯಾವ ಬರ್ತೀನಿ? ನಮ್ದಾ, ನಿಂದಾ?"

"ನಂದು" ಅಂದ್ರು ಅಕ್ಕ.

ಮೂಡಿಗೆರೆಲಿ ಇಬ್ರನ್ನೂ ಬಸ್ಸಿಗೆ ಹತ್ತಿಸಿ ಬಂದೆ.

ಆಮೇಲೆ ಹೊಸಬರು ಬಂದ್ರು. ಅವರಿಗೆ ನಾನು ಬೇರೆ ಕಡೆ ಮನೆ ಮಾಡ್ಸಿಕೊಟ್ಟೆ. ಒಳ್ಳೆ ಜನವೇ. ಎಸ್ಟೇಟ್ ರೈಟರು ನಮ್ಮ ಹಿಂದಿನ ಮನೆ ಅವರ ತಮ್ಮನಿಗೆ ಬೇಕು ಅಂತ ಕೇಳಿದ್ರು. ಅವ್ವ, "ಕೊಟ್ಟಾಗಿದೆ" ಅಂದ್ಲು. "ಖಾಲಿ ಇದೆಯಲ್ಲಮ್ಮ?" ಅಂದ್ರು ರೈಟರು. "ಜನ ಇದಾರೆ. ಊರಿಗೆ ಹೋಗಿದಾರೆ" ಅಂದ್ಲು. ಮನೆ ಬೂಸ್ಟು ಹಿಡಿಯದಂಗೆ ದಿನಾ ಅಲ್ಲಿ ಹೋಗಿ ಒಲೆ ಹಚ್ತಾಳೆ. ಸೌದೆ ದಂಡ ಅಂದ್ರೆ ನಂಗೇ ಬೈತಾಳೆ.

ನಾನು ಹೋಗೋದು ನಮ್ಮ ದೇವಸ್ಥಾನಕ್ಕೇ. ಅದೇನೂ ಬದಲಾಗಿಲ್ಲ. ಆದ್ರೆ ಅಲ್ಲಿ ಕೈ ಮುಗಿಯುವಾಗ ಆ ಇಬ್ರ ಹೆಸರೂ ಹೇಳ್ತೀನಿ. ನಮ್ಮವ್ವನಿಗೆ ಮಗಳಿರ್ಲಿಲ್ಲ. ಆ ಮಳೆಗಾಲ ಇದ್ಲು. ಅದಕ್ಕೆ ಏನು ಹೇಳಿದ್ರೂ ಸಾಲಲ್ಲ, ನಂಗೆ ಹೇಳೋಕೂ ಬರಲ್ಲ.

ನಿನ್ನೆ ಅಣ್ಣ ಫೋನ್ ಮಾಡಿದ್ರು. "ಮಾರಾಯ, ಹಿರಿಯರು ಒಪ್ಪಿದ್ರು. ರೈಲಲ್ಲಿದೀವಿ. ನಾಳೆ ಕಡೂರು" ಅಂದ್ರು. ಹಿಂದಿಂದ ಅಕ್ಕ ಜೋರಾಗಿ, "ನಂದು ಅಂತ ಅಮ್ಮನಿಗೆ ಹೇಳು" ಅಂದ್ರು. ಹೇಳ್ದೆ. ಅವ್ವ ರಸ್ಕ್ ತಾ ಅಂದ್ಲು.

ಜೀಪಿಗೆ ಡೀಸೆಲ್ ಹಾಕಿಸ್ಬೇಕು. ಕಡೂರು ದೂರ ಇದೆ. ನಂಗೆ ಹೇಳೋಕೆ ಇನ್ನೇನೂ ಇಲ್ಲ.